ಅಮಾಸಿ ಪರೀಕ್ಷೆಯ ಮಾಸ್ತರು

ನಾನು ಫೇಲಾದವಳು. ಎಸ್ಸೆಸ್ಸೆಲ್ಸಿ, ಪಿಯುಸಿ, ಟೈಪಿಂಗಿನ ಜೂನಿಯರ್ ಸೀನಿಯರ್ ಎಲ್ಲವನ್ನೂ ಒಂದೇ ಏಟಿಗೆ ಪಾಸು ಮಾಡಿದ ನಾನು ಪಿಟೀಲಿನ ಒಂದೇ ಒಂದು ಪರೀಕ್ಷೆಯಲ್ಲಿ ವರ್ಷಗಟ್ಟಲೆ ಫೇಲಾಗುತ್ತ ಬಂದೆ. ನನ್ನನ್ನು ಫೇಲು ಮಾಡಿದ ಮಾಸ್ತರು ಈ ಸಲ ಬೇಸಿಗೆ ಏರುವ ಮೊದಲೇ ತೀರಿಕೊಂಡರು. ಬನಹಟ್ಟಿಯ ಅವರ ಓಣಿಯಲ್ಲಿ ಈಗಲೂ ಅವರ ಸುದ್ದಿ ಎತ್ತಿದರೆ ಜನ ಅಳುವುದಕ್ಕಿಂತ ನಗುವುದೇ ಹೆಚ್ಚು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಕರಪತ್ರದಲ್ಲಿ ತಮ್ಮ ಹೆಸರು ಹಾಕಿಸಿದವರನ್ನೇ ಹಿಡಿದು ಬೈದ ಮನುಷ್ಯ ಅವರು. ಮಾಸ್ತರು ಎಂದರೆ ಸಾಕು, ಓಣಿಗೆ ಗೊತ್ತಾಗುತ್ತದೆ.

ನಾನು ಜಮಖಂಡಿಯ ಕೋರ್ಟಿನಲ್ಲಿ ಟೈಪಿಸ್ಟು. ಮನೆ ರಬಕವಿಯಲ್ಲಿ. ಸಾಕ್ಷಿ ಹೇಳುವವರು ಹೇಳಿದ್ದನ್ನು ಕುಟ್ಟುವುದೇ ನನ್ನ ಕಸುಬು. ತಮ್ಮ ಅಳಿಯನ ಹೊಲದ ದಾವೆಯೊಂದರಲ್ಲಿ ಸಾಕ್ಷಿ ಹೇಳಲು ಮಾಸ್ತರು ಬಂದಿದ್ದರು. ಬಿಳಿ ಪೈಜಾಮ, ಬಿಳಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ವಕೀಲರು ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಕೇಳಬೇಕಾಯಿತು. ವಯಸ್ಸಾದವರ ಗತ್ತು ಎಂದುಕೊಂಡೆ. ಅವರು ವಕೀಲರ ಮುಖವನ್ನಾಗಲಿ ಜಡ್ಜ್ ಸಾಹೇಬರ ಮುಖವನ್ನಾಗಲಿ ಹೆಚ್ಚು ನೋಡುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು.

ಸಾಕ್ಷಿ ಮುಗಿದ ಮೇಲೆ ಸಹಿ ಹಾಕಲು ನನ್ನ ಮೇಜಿನ ಹತ್ತಿರ ಬಂದರು. ಸಹಿ ಹಾಕಿ ಪೆನ್ನು ಮುಚ್ಚಿದವರು ಅಲ್ಲೇ ನಿಂತರು.

“ಬಾಯಾರ, ಒಂದ ಮಾತ ಹೇಳ್ಲೇನ್ರಿ? ನಿಮ್ಮ ಎಡಗೈ ಬಲಗೈಕಿಂತ ಶಾಣ್ಯಾ ಐತಿ. ಅದನ್ನ ತಂದು ಇಲ್ಲಿ ಕುಟ್ಟಾಕ ಹಚ್ಚೀರಲ್ಲ.”

“ಮತ್ತ ಏನ ಮಾಡ್ಲಿರಿ ಅದನ್ನ?” ಎಂದೆ, ನಗುತ್ತ.

“ನನ್ನ ಕಡೆ ಕಳಸ್ರಿ. ಪಿಟೀಲ ಕಲಸ್ತೇನಿ.”

ಎಡಗೈಯನ್ನು ಕಳಿಸಿ ಉಳಿದ ನಾನು ಎಲ್ಲಿಗೆ ಹೋಗಲಿ? ಮುಂದಿನ ರವಿವಾರ ಪೂರ್ತಿ ನಾನೇ ಹೋದೆ. ಆಗ ನನಗೆ ನಲವತ್ತು ದಾಟಿತ್ತು. ಮನೆಯಲ್ಲಿ ಹೇಳಿದಾಗ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಹೋಗು, ಆದ್ರ ಮನ್ಯಾಗ ಬಾರಿಸಬ್ಯಾಡ. ಬಾಜೂದವರು ಬೆಕ್ಕ ಸಾಕ್ಯಾರ ಅಂತ ತಿಳೀತಾರ” ಎಂದರು. ಆ ಮಾತಿಗೆ ಅವತ್ತು ಅವರಿಗೆ ಚಹಾ ಸಿಗಲಿಲ್ಲ.

ಮಾಸ್ತರು ಮೂಲತಃ ತೇರದಾಳದ ಜೈನರ ಮನೆಯವರು. ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ, ಆಮೇಲೆ ಮುಧೋಳ, ಬೀಳಗಿ, ಲೋಕಾಪುರದ ಕಡೆ ಎಲ್ಲಿ ಭಜನೆ, ಎಲ್ಲಿ ಸಂಗೀತ ಎಂದರೂ ಪಿಟೀಲು ಹಿಡಿದು ಹೋಗಿ ಸಾಥ್ ಕೊಟ್ಟವರು. ನಾನು ನೋಡುವ ಹೊತ್ತಿಗೆ ತಿರುಗಾಟ ಬಿಟ್ಟು, ಬನಹಟ್ಟಿಯ ಒಂದು ಓಣಿಯಲ್ಲಿ, ಈರಪ್ಪನ ಮಗ್ಗದ ಶೆಡ್ಡಿನ ಮೇಲಿನ ಎರಡು ಕೋಣೆಯಲ್ಲಿ ಹೆಂಡತಿಯ ಜೊತೆ ಇದ್ದರು. ಕೆಳಗೆ ಪಾವರ್‌ಲೂಮು ಖಟಖಟ, ಮೇಲೆ ಪಿಟೀಲು. ಆ ಮನೆಯ ನೆಲ ಸದಾ ಸಣ್ಣಗೆ ನಡುಗುತ್ತಿತ್ತು. ಮಾಡದಲ್ಲಿಟ್ಟ ಚಹಾದ ಕಪ್ಪು ತಾನೇ ತಾನಾಗಿ ತುದಿಗೆ ಬರುತ್ತಿತ್ತು. ಅದನ್ನು ಒಳಗೆ ತಳ್ಳುವುದು ಮಾಸ್ತರ ಹೆಂಡತಿಯ ಕೆಲಸ. ಅವರನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು.

ಮಾಸ್ತರ ಎಡಗೈಯ ವಿಚಾರ ಮೊದಲು ಹೇಳಬೇಕು. ಆ ಕೈ ಪಿಟೀಲಿಗೇ ಮೀಸಲು, ಮನೆಯ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಸಂತೆಯ ಚೀಲ ಬಲಗೈಯಲ್ಲಿ, ಕೊಡೆ ಬಲಗೈಯಲ್ಲಿ, ಬಸ್ಸಿನ ಸರಳು ಬಲಗೈಯಲ್ಲಿ. ಎಡಗೈ ಮಾತ್ರ ಜೇಬಿನೊಳಗೆ ಹಾಯಾಗಿ ಕೂತಿರುತ್ತಿತ್ತು. “ಅದು ಮನೀ ಅಳಿಯಾ ಇದ್ದಂಗವಾ, ಅದಕ್ಕ ಕೆಲಸ ಹೇಳೂಹಂಗಿಲ್ಲ,” ಎಂದು ಕಾಕು ಅನ್ನುತ್ತಿದ್ದರು. ಎರಡೂ ಕೈಯಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದಾಗ ಇದೇ ಮಾತನ್ನು ಸ್ವಲ್ಪ ಜೋರಾಗಿ ಅನ್ನುತ್ತಿದ್ದರು. ಮಾಸ್ತರು ಕೇಳಿಸದವರ ಹಾಗೆ ಕೂತಿರುತ್ತಿದ್ದರು. ಯಾವ ಗಂಡಸು ಕೂತಿರುವುದಿಲ್ಲ ಎಂದು ನಾನು ಅದಕ್ಕೂ ಬೇರೆ ಅರ್ಥ ಹಚ್ಚಲಿಲ್ಲ.

ಮೊದಲ ತಿಂಗಳು ಕಮಾನು ಮುಟ್ಟಲು ಕೊಡಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ಬುಡವನ್ನು ಎದೆಗೆ, ಅದರ ತಲೆಯನ್ನು ಬಲಪಾದದ ಹರಡಿಗೆ ಆನಿಸಿ, ಎಡಗೈಯ ಬೆರಳನ್ನು ತಂತಿಯ ಮೇಲೆ ಇಡುವುದು. ಅಷ್ಟೇ. ಇಡುವುದು ಎಂದರೆ ಇಡುವುದು. ಒತ್ತಿದರೆ ಬೈಗುಳ.

“ಒತ್ತಬ್ಯಾಡ್ರಿ ಬಾಯಾರ. ಮಲಗಿದ ಕೂಸಿನ ಗಲ್ಲ ಮುಟ್ತೀವಲ್ಲ, ಹಂಗ ಮುಟ್ರಿ. ಅದು ಏಳಬಾರದು.”

ನನ್ನ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ಹೊಸಬರು ಮಾಡುವ ತಪ್ಪು ಒಂದೇ ಅಂತೆ: ಮೇಲಿನ ಬೆರಳು ಹಗುರ ಇಟ್ಟರೂ ಕೆಳಗಿನ ಹೆಬ್ಬೆರಳಿನಿಂದ ಪಿಟೀಲಿನ ಕತ್ತನ್ನು ಅಮುಕಿ ಹಿಡಿಯುವುದು. ಹಾಗೆ ಹಿಡಿದ ಕೈ ಮೇಲೆ ಕೆಳಗೆ ಜಾರುವುದಿಲ್ಲ. ಇದಕ್ಕೆ ಮಾಸ್ತರ ಬಳಿ ಒಂದು ಔಷಧ ಇತ್ತು. ಅಡಿಗೆಮನೆಗೆ ಹೋಗಿ ಕಡಕ್ ರೊಟ್ಟಿಯ ಒಂದು ಚೂರು ತಂದು, ಹೆಬ್ಬೆರಳಿಗೂ ಪಿಟೀಲಿನ ಕತ್ತಿಗೂ ನಡುವೆ ಇಡುತ್ತಿದ್ದರು. ಅಮುಕಿದರೆ ರೊಟ್ಟಿ ಮುರಿಯುತ್ತದೆ. ಸಡಿಲ ಬಿಟ್ಟರೆ ಬೀಳುತ್ತದೆ. ಮುರಿಯಲೂಬಾರದು, ಬೀಳಲೂಬಾರದು. ಮುರಿದರೆ ಮುರಿದವರೇ ತಿನ್ನಬೇಕು, ಅನ್ನ ಚೆಲ್ಲುವ ಹಾಗಿಲ್ಲ. ಕಾಕು ಕನಿಕರದಿಂದ ಪಕ್ಕದಲ್ಲಿ ಶೇಂಗಾ ಚಟ್ನಿ ಇಟ್ಟಿರುತ್ತಿದ್ದರು. ಆ ತಿಂಗಳು ನಾನು ಕಲಿತದ್ದಕ್ಕಿಂತ ತಿಂದದ್ದೇ ಹೆಚ್ಚು. ಕೋರ್ಟಿನಲ್ಲಿ ಗೆಳತಿಯರು, “ಏನ್ರಿ, ಸಂಗೀತ ಮೈಗೆ ಹತ್ತೇತಿ?” ಎಂದು ಕೇಳಿದರು.

ಹೆಬ್ಬೆರಳು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಇನ್ನೊಂದು ರೋಗ ಹೊರಬಿತ್ತು. ಟೈಪಿಂಗಿನ ಚಟ. ಒಂದು ಅಕ್ಷರ ಕುಟ್ಟಿ ಬೆರಳು ಎತ್ತುವುದು, ಇನ್ನೊಂದು ಅಕ್ಷರ ಕುಟ್ಟಿ ಎತ್ತುವುದು. ಸ್ವರಗಳನ್ನೂ ಹಾಗೇ ಕುಟ್ಟುತ್ತಿದ್ದೆ. ಮಾಸ್ತರು ತಲೆ ಹಿಡಿದುಕೊಂಡು ಕೆಳಗೆ ಇಳಿದು ಹೋಗಿ, ಈರಪ್ಪನ ಮಗ್ಗದಿಂದ ಒಂದು ಎಳೆ ನೂಲು ತಂದು ನನ್ನ ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ಸಡಿಲವಾಗಿ ಕಟ್ಟಿದರು. “ಇನ್ನ ಇಬ್ರೂ ಕೂಡೇ ತಿರಗ್ಯಾಡ್ಲಿ. ಅಕ್ಕಾ-ತಂಗೀ ಸಂತಿಗೆ ಹೋದಂಗ.” ಮರುದಿನ ಆ ನೂಲನ್ನು ಬಿಚ್ಚಲು ಮರೆತು ಕೋರ್ಟಿಗೆ ಹೋಗಿ ಅರ್ಧ ಹಾಳೆ ಟೈಪು ಮಾಡಿದ್ದೇನೆ. ಸಾಹೇಬರು ಹಾಳೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಏನೂ ಕೇಳದೆ ಹೊಸ ಹಾಳೆ ಹಾಕಿ ಎಂದರು. ಹರಕೆಯ ದಾರ ಎಂದು ತಿಳಿದಿರಬೇಕು.

ಅಷ್ಟರಲ್ಲಿ ಮಾಸ್ತರು ನನ್ನನ್ನು ಬಾಯಾರ ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದ್ದರು. ಮರ್ಯಾದೆ ಹೋಯಿತು, ಪ್ರೀತಿ ಬಂತು. ಬೈಗುಳದ ಪ್ರಮಾಣವೂ ಏರಿತು.

ರವಿವಾರದ ಪಾಠ ಮಧ್ಯಾಹ್ನ ಶುರುವಾದರೆ ಹೊತ್ತು ಮುಳುಗುವ ಮೊದಲು ಮುಗಿಯಲೇಬೇಕು. ಕತ್ತಲಾದ ಮೇಲೆ ಅವರು ಉಣ್ಣುವವರಲ್ಲ. ಕಾಕು ತಾಟು ಹಾಕಿದರೆಂದರೆ ಪಿಟೀಲು ಯಾವ ಸ್ವರದಲ್ಲಿದೆಯೋ ಅಲ್ಲೇ ಕೆಳಗೆ. “ಉಳದದ್ದು ಮುಂದಿನ ವಾರ ಇಲ್ಲಿಂದನ ಎತ್ಕೋ,” ಎಂದು ತೋರಿಸಿ ಏಳುತ್ತಿದ್ದರು. ಒಂದು ವಾರ ಪೂರ್ತಿ ನಾನು ಅರ್ಧ ಏರಿದ ಆಲಾಪವನ್ನು ತಲೆಯಲ್ಲಿ ಇಟ್ಟುಕೊಂಡು ಜಮಖಂಡಿಗೆ ಹೋಗಿಬರುತ್ತಿದ್ದೆ. ಕುಲಕಾಟದಲ್ಲಿ ಬಸ್ಸಿನ ಸೀಟಿನ ಹಿಡಿಕೆಯೇ ಪಿಟೀಲು.

ಇನ್ನು ಪರೀಕ್ಷೆಯ ಮಾತು.

ಆ ಓಣಿಯ ಮಗ್ಗಗಳಿಗೆ ಅಮಾವಾಸ್ಯೆ ರಜೆ. ಉಳಿದ ದಿನ ಮುಂಜಾನೆಯಿಂದ ರಾತ್ರಿಯವರೆಗೆ ಖಟಖಟದಲ್ಲಿ ಯಾರು ಏನು ಬಾರಿಸಿದರೂ ನಡೆಯುತ್ತದೆ. ತಪ್ಪು ಸ್ವರಗಳನ್ನೆಲ್ಲ ಮಗ್ಗಗಳೇ ನುಂಗಿಕೊಳ್ಳುತ್ತವೆ. ಎಷ್ಟೋ ದಿನ ನಾನು ಭಾರಿ ಛಲೋ ಬಾರಿಸುತ್ತೇನೆ ಎಂಬ ಭ್ರಮೆಯಲ್ಲಿದ್ದೆ. ಅಮಾವಾಸ್ಯೆಯ ದಿನ ಮಗ್ಗ ನಿಂತು ಓಣಿಗೆ ಓಣಿಯೇ ಗಪ್ಪಾದಾಗ ಮಾತ್ರ ನಮ್ಮ ಬಂಡವಾಳ ಹೊರಬೀಳುತ್ತಿತ್ತು. ಅದಕ್ಕೇ ಮಾಸ್ತರು ಪರೀಕ್ಷೆಯನ್ನು ಅಮಾವಾಸ್ಯೆಯ ಮುಂಜಾನೆ ಇಟ್ಟಿದ್ದರು. ಅದೂ ಮೇಲಿನ ಕೋಣೆಯಲ್ಲಲ್ಲ, ಕೆಳಗೆ ಓಣಿಯ ಕಟ್ಟೆಯ ಮೇಲೆ. ಓಣಿಯವರೆಲ್ಲ ಬರಬೇಕು. ಕೈಯಲ್ಲಿ ಕೆಲಸ ಇಲ್ಲದ ದಿನ, ಬರದೆ ಏನು ಮಾಡುತ್ತಾರೆ? ಚಹಾ ಹಿಡಿದು, ಬ್ರಶ್ಶು ಹಿಡಿದು, ಹೆರಳು ಹಾಕಿಕೊಳ್ಳುತ್ತ ಬಂದು ಕೂರುತ್ತಿದ್ದರು.

ಮುಂದಿನ ಸಾಲಿನಲ್ಲಿ ಎದುರುಮನೆಯ ಆಯಿ. ಹಲ್ಲು ಕೆಲವೇ ಉಳಿದಿದ್ದವು, ಎಲೆ ಅಡಿಕೆ ಕುಟ್ಟಿಸಿಕೊಂಡು ಹಾಕಿಕೊಳ್ಳುತ್ತಿದ್ದಳು. ಒಂದು ಸ್ವರ ಕೂದಲೆಳೆಯಷ್ಟು ಆಚೀಚೆ ಆದರೂ ಆಯಿಯ ಮುಖ ಹುಣಸೆಕಾಯಿ ಕಚ್ಚಿದ ಹಾಗೆ ಆಗುತ್ತಿತ್ತು. ಆಕೆಯ ಪಕ್ಕ ಈರಪ್ಪ. ಅವರಿಬ್ಬರು ಸಂಗೀತ ಕಲಿತವರೇನಲ್ಲ. ಆದರೆ ವರ್ಷಾನುಗಟ್ಟಲೆ ಪ್ರತಿ ಅಮಾವಾಸ್ಯೆ ಕಲಿಯುವವರ ತಪ್ಪು ಕೇಳಿ ಕೇಳಿ ಕಿವಿ ತಯಾರಾಗಿತ್ತು.

ನನ್ನ ಪರೀಕ್ಷೆ ಒಂದೇ ಒಂದು ವಿಷಯದ್ದು. ಭೂಪ ರಾಗದಲ್ಲಿ ‘ಪ’ದಿಂದ ‘ಗ’ಕ್ಕೆ ಒಂದೇ ಬೆರಳಿನಲ್ಲಿ ಜಾರಿಕೊಂಡು ಇಳಿಯುವುದು. ಹೀಗೆ ಜಾರುವುದಕ್ಕೆ ಮೀಂಡ್ ಎನ್ನುತ್ತಾರೆ. ನಡುವೆ ‘ಮ’ ಇದೆ, ಆದರೆ ಆ ರಾಗಕ್ಕೆ ‘ಮ’ ವರ್ಜ್ಯ. ಬೆರಳು ಅದರ ಮೇಲೆ ಹಾದು ಹೋಗಬೇಕು, ನಿಲ್ಲಬಾರದು. ನನ್ನ ಬೆರಳು ಮಾತ್ರ ಅಲ್ಲಿ ಬಂದು ಒಂದು ಚಣ ನಿಂತು ಆಮೇಲೆ ಮುಂದೆ ಹೋಗುತ್ತಿತ್ತು.

“ತಂಗಿ, ಇದು ನಾನ್‌ಸ್ಟಾಪ್ ಗಾಡಿ. ‘ಪ’ದಾಗ ಬಿಟ್ರ ಸೀದಾ ‘ಗ’. ನೀ ನಡುವ ‘ಮ’ದಾಗ ನಿಲ್ಲಿಸಿ ಪ್ಯಾಸೆಂಜರ್ ಹತ್ತಸ್ತಿ.”

ಓಣಿಗೆ ಈ ಮಾತು ಸಿಕ್ಕಿದ್ದೇ ತಡ, ನನ್ನ ಮಾನ ಹೋಯಿತು. ನಾನು ಕಮಾನು ಎಳೆದು ಬೆರಳು ಜಾರಿಸುತ್ತಿದ್ದ ಹಾಗೆ ಈರಪ್ಪ, “ನಿಂತ್ರು ನೋಡ್ರಿ, ಮತ್ತ ಸ್ಟಾಪ್ ತಗೊಂಡ್ರು,” ಎನ್ನುವವನು. ಹಿಂದಿನಿಂದ ಯಾರೋ, “ಹತ್ತೂರು ಹತ್ರಿ, ಇಳಿಯೂರು ಇಳೀರಿ,” ಎನ್ನುವವರು. ಮಾಸ್ತರು ಕೂತಲ್ಲಿಂದ ಜನರ ಮುಖಗಳನ್ನೆಲ್ಲ ಒಮ್ಮೆ ನಿಧಾನ ನೋಡಿ, “ಫೇಲ್. ಬರೂ ಅಮಾಸಿಗೆ ಮತ್ತ ಬಾ,” ಎನ್ನುವವರು. ನಾನು ಪಿಟೀಲು ಪೆಟ್ಟಿಗೆಗೆ ಹಾಕಿ ಜಮಖಂಡಿಯ ಬಸ್ಸು ಹಿಡಿಯಲು ಓಡುತ್ತಿದ್ದೆ. ಆ ಬಸ್ಸು ಎಲ್ಲ ಕಡೆ ನಿಂತು ನಿಂತು ಹೋಗುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ನನಗೊಂದು ಪ್ರಶ್ನೆ ಇತ್ತು. ಪರೀಕ್ಷೆ ಮಾಡುವವರು ಮಾಸ್ತರು, ಆದರೆ ಬಾರಿಸಿ ಮುಗಿದ ಮೇಲೆ ಅವರು ನೋಡುವುದು ಜನರ ಮುಖವನ್ನು. ಯಾಕೆ? ಉತ್ತರ ಒಂದು ರವಿವಾರ ಸಿಕ್ಕಿತು. ಕರೆಂಟು ಹೋಗಿ ಮಗ್ಗ ನಿಂತಿದ್ದವು. ಮಾಸ್ತರು ಕಿಟಕಿಯ ಕಡೆ ಮುಖ ಮಾಡಿ ತಂತಿ ಒರೆಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, “ಮಾಸ್ತರ್ರಿ” ಎಂದೆ. ಇನ್ನೊಮ್ಮೆ ಎಂದೆ. ಆಮೇಲೆ ಸ್ವಲ್ಪ ಕೂಗಿಯೇ ಎಂದೆ. ಅಷ್ಟು ನಿಶ್ಶಬ್ದದಲ್ಲಿ ಅವರು ತಿರುಗಲಿಲ್ಲ. ಒರೆಸುತ್ತಲೇ ಇದ್ದರು. ನಾನು ಮೆಟ್ಟಿಲು ಇಳಿದು ಬಂದೆ. ಎದುರುಮನೆಯ ಕಟ್ಟೆಯ ಮೇಲೆ ಆಯಿ ಕೂತಿದ್ದಳು.

“ಆಯಿ, ಮಾಸ್ತರಿಗೆ ಕಿವಿ…”

“ಈಗ ಗೊತ್ತಾತನ ನಿನಗ?” ಎಂದಳು ಆಯಿ. “ಕೋರ್ಟಿನ್ಯಾಗ ಇದ್ದೀ ಅಂತಾರ, ಏನ ಕೆಲಸ ಮಾಡ್ತೀ ಬೇ? ಅವರ ಕಿವಿ ಹೋಗಿ ಬಾಳ ದಿನಾ ಆತು. ಈ ಮಗ್ಗದ ಮ್ಯಾಲ ಕುಂತ ಕುಂತ ಹೋತು. ಹತ್ತರ ಕುಂತು ಮಾತಾಡಿದ್ರ ಬಾಯಿ ನೋಡಿ ತಿಳ್ಕೊಂತಾರ. ತಂತಿ ಮ್ಯಾಲ ಬಟ್ಟ ಎಲ್ಲಿ ನಿಂತೈತಿ ಅನ್ನೂದನ್ನ ಕಣ್ಣಿಲೆ ನೋಡ್ತಾರ. ಆದ್ರ ಕೂದಲಷ್ಟ ತಪ್ಪಿದ್ರ ಅದು ಕಣ್ಣಿಗೆ ಕಾಣಂಗಿಲ್ಲಲ್ಲ. ಅದಕ್ಕ ನಮ್ಮ ಮಾರಿ ನೋಡ್ತಾರ. ಅವರಿಗೆ ನಮ್ಮ ಮಾರೀನ ಕಿವಿ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಇಡೀ ಓಣಿಗೆ ಗೊತ್ತಿತ್ತು. ಇಡೀ ಓಣಿ ಸುಮ್ಮನಿತ್ತು. ಅಮಾವಾಸ್ಯೆಗೊಮ್ಮೆ ಇಷ್ಟು ಜನ ಕೆಲಸ ಬಿಟ್ಟು ಬಂದು ಕೂರುತ್ತಿದ್ದದ್ದು ನನ್ನ ಪಿಟೀಲು ಕೇಳಲಿಕ್ಕಲ್ಲ, ಮಾಸ್ತರಿಗೆ ಮುಖ ತೋರಿಸಲಿಕ್ಕೆ. ನನಗೆ ಕಣ್ಣು ತುಂಬಿ ಬಂತು. ಆಯಿ ಅಡಿಕೆ ಕುಟ್ಟುವ ಒರಳನ್ನು ನನ್ನ ಕೈಗೆ ಕೊಟ್ಟು, “ಸುಮ್ಮ ಕುಂದ್ರೂದಕಿಂತ ಇದನ್ನರ ಕುಟ್ಟು, ಅದ ನಿನಗ ಬರತೈತಿ,” ಎಂದಳು.

ಕಿವಿಯ ಮಷೀನು ಇರಲಿಲ್ಲವೆಂದಲ್ಲ. ಅಳಿಯ ತಂದುಕೊಟ್ಟಿದ್ದ. ಮಾಸ್ತರು ಅದನ್ನು ಒಂದು ದಿನ ಹಾಕಿಕೊಂಡು ಮರುದಿನ ತೆಗೆದು ಡಬ್ಬಿಗೆ ಸೇರಿಸಿದರಂತೆ. ಕಾಕು ಹೇಳುತ್ತಿದ್ದರು: “‘ಇದರಾಗ ಮಗ್ಗ ಎರಡ ಪಟ್ಟ ಕೇಳಸ್ತಾವ, ಪಿಟೀಲ ಅರ್ಧ ಕೇಳಸ್ತೈತಿ, ನೀ ಮಾತ್ರ ಪೂರಾ ಕೇಳಸ್ತಿ, ಬ್ಯಾಡ’ ಅಂದ್ರವಾ.” ಹೀಗೆ ಹೇಳಿ ಕಾಕು ತಾವೇ ನಗುತ್ತಿದ್ದರು.

ನಾನು ಗೊತ್ತಾದದ್ದನ್ನು ಮಾಸ್ತರಿಗೆ ತೋರಿಸಿಕೊಳ್ಳಲಿಲ್ಲ. ಆದರೆ ಅಂದಿನಿಂದ ಎದುರಿಗೇ ಕೂತು, ಬಾಯಿ ಸ್ಪಷ್ಟ ತೆರೆದು ಮಾತಾಡತೊಡಗಿದೆ. ಅವರಿಗೂ ಗೊತ್ತಾಗಿರಬೇಕು. ಒಂದು ದಿನ ಪಾಠದ ನಡುವೆ ಎಡಗೈ ಚಾಚಿ, ನಾನು ಬಾರಿಸುತ್ತಿದ್ದ ಪಿಟೀಲಿನ ತಲೆಯ ಮೇಲೆ ತಮ್ಮ ಎರಡು ಬೆರಳು ಇಟ್ಟುಕೊಂಡರು. ತಂತಿಯ ನಡುಕ ಅಲ್ಲಿಯವರೆಗೆ ಬರುತ್ತದೆ. ಕಣ್ಣು ಮುಚ್ಚಿ ಕೂತರು. ಮನೆಯ ಯಾವ ಕೆಲಸಕ್ಕೂ ಏಳದ ಆ ಕೈ ಅಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಅದು ರೂಢಿಯೇ ಆಯಿತು.

ಒಂದು ಮಳೆಗಾಲದಲ್ಲಿ ಮಾಸ್ತರು ಹೊಸದೊಂದು ಮಾತು ತೆಗೆದರು.

“ತಂಗಿ, ನಿಂದೊಂದ ಮೀಂಡ ಸುದ್ದ ಆತಂದ್ರ ನಾ ಕ್ಲಾಸ್ ಬಂದ್ ಮಾಡಾಂವ.”

“ಯಾಕ್ರಿ ಮಾಸ್ತರ?”

“ಕೇಳದ ಕಲಸೂದು ಮೋಸ ಅನಸಾಕತ್ತೈತಿ. ನಡುವ ಬಿಟ್ರ ನಿನಗ ಅನ್ಯಾಯ ಮಾಡಿದಂಗ ಆಕ್ಕೈತಿ. ನೀನ ಕಡೀದಾಕಿ. ನೀ ಪಾಸಾಗು, ನಾ ಬಿಡುಗಡಿ ಆಗ್ತೇನಿ.”

ಅದೇ ಮೊದಲ ಸಲ ಅವರ ಬಾಯಿಂದ ಕಿವಿಯ ಮಾತು ಬಂದದ್ದು. ಮುಖದಲ್ಲಿ ನಗು ಇತ್ತು, ಆದರೆ ಎಡಗೈ ಜೇಬಿಗೆ ಹೋಗಿತ್ತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಕಾಕು ಮೆಟ್ಟಿಲ ತನಕ ಬಂದರು.

“ನೀ ಪಾಸಾದಿ ಅಂದ್ರ ಈ ಮನಷ್ಯಾ ಏನ ಮಾಡಬೇಕವಾ? ಎದ್ದ ಕೂಡ್ಲೆ ಅಮಾಸಿ ಎಂದ ಐತಿ ಅಂತ ಕ್ಯಾಲೆಂಡರ್ ನೋಡ್ತಾರ. ಅದೂ ಇಲ್ಲಂದ್ರ ದಿನಾ ಪಿಟೀಲ ಒರಸ್ಕೋತ ಕುಂದರತಾರ ನೋಡು.”

“ಹಂಗಾದ್ರ ನಾ ಫೇಲಾಗ್ತೇನಿ ಬಿಡ್ರಿ ಕಾಕು. ಅದೇನ ನನಗ ಕಲಸಬೇಕಾಗಿಲ್ಲ,” ಎಂದೆ.

ದೊಡ್ಡ ಮಾತು ಆಡಿದೆ. ಫೇಲಾಗುವುದು ನನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ. ಆದರೆ ಬೆರಳುಗಳ ಬುದ್ಧಿಯೇ ಬೇರೆ. ವರ್ಷಗಟ್ಟಲೆ ಬಾ ಎಂದರೆ ಬಾರದ್ದು, ಬರಬೇಡ ಎಂದಾಗ ಬಂದು ನಿಲ್ಲುತ್ತದೆ. ಆ ತಿಂಗಳೇ ಒಂದು ಮುಂಜಾನೆ, ಯಜಮಾನರು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಪಿಟೀಲು ತೆಗೆದೆ. ಬೆರಳು ‘ಪ’ದ ಮೇಲಿಂದ ಹೊರಟಿತು, ‘ಮ’ವನ್ನು ದಾಟಿದ್ದೇ ಗೊತ್ತಾಗಲಿಲ್ಲ, ‘ಗ’ದಲ್ಲಿ ಬಂದು ಕೂತಿತು. ನಾನು ಪಿಟೀಲಿನ ಮೇಲೆ ಬಗ್ಗಿ ನನ್ನ ಬೆರಳನ್ನೇ ನೋಡಿದೆ. ಇನ್ನೊಮ್ಮೆ ಬಾರಿಸಿದೆ, ಇನ್ನೊಮ್ಮೆ. ಪ್ರತಿ ಸಲವೂ ಬಂತು. ಆ ಖುಷಿ ಹೇಗೆ ಹೇಳಲಿ? ಒಬ್ಬಳೇ ಅಡಿಗೆಮನೆಯಲ್ಲಿ ನಿಂತು ನಕ್ಕೆ. ಆಮೇಲೆ ಕಾಕುವಿನ ಮಾತು ನೆನಪಾಗಿ ನಗು ನಿಂತಿತು. ನನಗೆ ಬಂದರೆ ಮಾಸ್ತರಿಗೆ ಹೋಗುತ್ತದೆ.

ಅಮಾವಾಸ್ಯೆ ಬಂತು. ಮಗ್ಗ ನಿಂತವು. ಜನ ಎಂದಿಗಿಂತ ಹೆಚ್ಚು. ಈ ಪರೀಕ್ಷೆಯ ಮೇಲೆ ಏನು ನಿಂತಿದೆ ಎಂಬುದು ಕಾಕುವಿನ ಕೃಪೆಯಿಂದ ಓಣಿಗೆಲ್ಲ ಗೊತ್ತಾಗಿತ್ತು. ಮಾಸ್ತರು ಹೊಸ ಟೊಪ್ಪಿಗೆ ಹಾಕಿ ಬಂದಿದ್ದರು. ರೊಟ್ಟಿಯ ಚೂರನ್ನು ತಾವೇ ನನ್ನ ಹೆಬ್ಬೆರಳಿನ ಕೆಳಗೆ ಇಟ್ಟು, ಎದುರಿಗೆ ಕೂತರು.

‘ಮ’ದಲ್ಲಿ ನಿಲ್ಲಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡೇ ಕಮಾನು ಎಳೆದೆ. ಆಣೆ ಮಾಡಿ ಹೇಳುತ್ತೇನೆ, ನಿಲ್ಲಿಸಬೇಕೆಂದೇ ಇದ್ದೆ. ಬೆರಳು ಕೇಳಲಿಲ್ಲ. ಎಷ್ಟೋ ವರ್ಷ ಬೈಸಿಕೊಂಡು, ರೊಟ್ಟಿ ತಿಂದು, ನೂಲು ಕಟ್ಟಿಸಿಕೊಂಡು ಕಲಿತ ಬೆರಳು, ಅಷ್ಟು ಜನರ ಎದುರು ಸುಳ್ಳು ಹೇಳಲು ಒಪ್ಪಲಿಲ್ಲ. ‘ಪ’ದಿಂದ ಹೊರಟ ಗಾಡಿ ಎಲ್ಲೂ ನಿಲ್ಲದೆ ‘ಗ’ಕ್ಕೆ ಬಂದು ಮುಟ್ಟಿತು. ಓಣಿ ಗಪ್ಪಾಗಿತ್ತು, ಸ್ವರ ಕಡೆಯ ಮನೆಯವರೆಗೆ ಹೋಗಿ ನಿಂತಿತು.

ಆಯಿಯ ಬಾಯಾಡುವುದು ನಿಂತಿತು. ಮುಖ ಅರಳಿತು. ಈರಪ್ಪ ಕೈಯಲ್ಲಿದ್ದ ಕಪ್ಪನ್ನು ಮರೆತ. ಅರೆಗಳಿಗೆ ಅಷ್ಟೇ. ಆಮೇಲೆ ಆಯಿ ಎಚ್ಚರಾದಳು. ಹುಣಸೆಕಾಯಿ ಕಚ್ಚಿದ ಮುಖ ಮಾಡಿ, ತಲೆಯನ್ನು ಜೋರಾಗಿ ಅಡ್ಡಡ್ಡ ಅಲ್ಲಾಡಿಸಿದಳು. ಅವಳನ್ನು ನೋಡಿ ಈರಪ್ಪ ಅಲ್ಲಾಡಿಸಿದ. ಹಿಂದಿನವರು ಅಲ್ಲಾಡಿಸಿದರು. ಬ್ರಶ್ಶು ಬಾಯಲ್ಲಿದ್ದವರೂ ಅಲ್ಲಾಡಿಸಿದರು. ಮೇಲೆ ಮೆಟ್ಟಿಲಲ್ಲಿ ನಿಂತ ಕಾಕು ಎಲ್ಲರಿಗಿಂತ ಜೋರಾಗಿ ಅಲ್ಲಾಡಿಸಿದರು. ನಾನು ನೌಕರಿಗೆ ಸೇರಿದಾಗಿನಿಂದ ಸುಳ್ಳುಸಾಕ್ಷಿ ಟೈಪು ಮಾಡುತ್ತ ಬಂದವಳು. ಇಷ್ಟು ಒಗ್ಗಟ್ಟಿನ ಸುಳ್ಳುಸಾಕ್ಷಿಯನ್ನು ಜಮಖಂಡಿಯ ಕೋರ್ಟಿನಲ್ಲಿ ನೋಡಿಲ್ಲ.

ಮಾಸ್ತರು ಒಂದೊಂದೇ ಮುಖವನ್ನು ನೋಡುತ್ತ ಹೋದರು. ಅವರಿಗೆ ಅವಸರವೇನೂ ಇರಲಿಲ್ಲ. ಮುಖಗಳನ್ನು ಓದುವುದರಲ್ಲಿ ಅಷ್ಟು ಪಳಗಿದ ಕಣ್ಣು, ಮೊದಲಿನ ಆ ಅರೆಗಳಿಗೆಯನ್ನು ಬಿಟ್ಟಿರುತ್ತದೆಯೇ? ಆಮೇಲೆ ನನ್ನ ಕಡೆ ಬಗ್ಗಿ ಹೆಬ್ಬೆರಳಿನ ಕೆಳಗಿನ ರೊಟ್ಟಿಯ ಚೂರನ್ನು ಮೆಲ್ಲಗೆ ಎಳೆದುಕೊಂಡರು. ಒಂದು ಬಿರುಕೂ ಇರಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

“ಇಷ್ಟ ಮಂದಿ ಸಾಕ್ಷಿ ಹೇಳಿದ ಮ್ಯಾಲ ನಾ ಏನ ಮಾಡಾಕ ಬರತೈತಿ?” ಎಂದರು. “ಫೇಲ್. ಬರೂ ಅಮಾಸಿಗೆ ಮತ್ತ ಬಾ ತಂಗಿ.”

ಓಣಿಯ ತುಂಬ ನಗು. ಯಾಕೆ ನಗುತ್ತೀರಿ ಎಂದು ಮಾಸ್ತರು ಕೇಳಲಿಲ್ಲ, ತಾವೂ ನಕ್ಕರು. ಕಾಕು ಅವತ್ತು ಎಲ್ಲರಿಗೂ ಚಹಾ ಕೊಟ್ಟರು. ನನ್ನ ಬಸ್ಸು ತಪ್ಪಿತು.

ಅಂದಿನಿಂದ ಪ್ರತಿ ಅಮಾವಾಸ್ಯೆಯೂ ನಾನು ನೆಟ್ಟಗೆ ಬಾರಿಸಿ ಫೇಲಾಗುತ್ತ ಬಂದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ರವಿವಾರದ ಪಾಠ ಮುಂದೆ ನಡೆಯಿತು. ಮಾಸ್ತರು ನನಗೆ ಬೇರೆ ರಾಗಗಳನ್ನು ಕಲಿಸಿದರು, ಮಿರಜಿನಿಂದ ಹೊಸ ತಂತಿ ತರಿಸಿಕೊಟ್ಟರು. ಓಣಿಯ ಒಂದಿಬ್ಬರು ಹುಡುಗಿಯರು ಬಂದು ಚಾಪೆಯ ಮೇಲೆ ಕೂತು ರೊಟ್ಟಿ ತಿನ್ನತೊಡಗಿದರು. ಕೇಳದೆ ಕಲಿಸುವುದು ಮೋಸ ಎಂಬ ಮಾತನ್ನು ಮಾಸ್ತರು ಮತ್ತೆ ಎತ್ತಲಿಲ್ಲ. ಒಮ್ಮೆ ಮಾತ್ರ, ಆ ಹುಡುಗಿಯರಿಗೆ ನನ್ನನ್ನು ತೋರಿಸಿ, “ಈಕಿ ಹಂಗ ಫೇಲಾಗಬೇಕು ನೋಡ್ರಿ,” ಎಂದರು. ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ತೀರಿಕೊಂಡದ್ದು ಒಂದು ಮಧ್ಯಾಹ್ನ, ಮಗ್ಗಗಳು ಜೋರಾಗಿ ನಡೆಯುತ್ತಿದ್ದಾಗ, ಮಲಗಿದಲ್ಲೇ. ಈರಪ್ಪ ಸುದ್ದಿ ತಿಳಿದು ಮಗ್ಗ ನಿಲ್ಲಿಸಿದ. ಅವನದು ನಿಂತದ್ದನ್ನು ಕೇಳಿ ಪಕ್ಕದವರು, ಅವರದು ಕೇಳಿ ಅದರಾಚೆಯವರು. ಅಮಾವಾಸ್ಯೆ ಅಲ್ಲದ ದಿನ ಆ ಓಣಿ ಗಪ್ಪಾದದ್ದನ್ನು ನಾನು ಅವತ್ತೇ ನೋಡಿದ್ದು. ನಾನು ಅತ್ತೆ, ಚೆನ್ನಾಗಿಯೇ ಅತ್ತೆ. ಆಯಿ ನನ್ನ ಬೆನ್ನು ಸವರುತ್ತ ಕೂತಿದ್ದಳು.

ಮುಂದಿನ ಅಮಾವಾಸ್ಯೆಗೆ ಹೋಗುವುದೋ ಬೇಡವೋ ಎಂದು ತಿಳಿಯಲಿಲ್ಲ. ಹೋಗಿ ಕಾಕುವನ್ನು ಮಾತಾಡಿಸಿ ಬಂದರಾಯಿತು ಎಂದು ಮುಂಜಾನೆ ಹೊರಟೆ. ಪಿಟೀಲು ಬಿಟ್ಟು ಹೋಗುವುದು ಸರಿ ಕಾಣದೆ ಅದನ್ನೂ ಹೆಗಲಿಗೆ ಹಾಕಿಕೊಂಡೆ. ಓಣಿ ತಿರುಗಿದರೆ, ಕಟ್ಟೆಯ ಮೇಲೆ ಚಾಪೆ ಹಾಸಿತ್ತು. ಜನ ಚಹಾ ಹಿಡಿದು ಕೂತಿದ್ದರು. ಮಾಸ್ತರು ಕೂರುತ್ತಿದ್ದ ಜಾಗದಲ್ಲಿ ಕಾಕು ಕೂತಿದ್ದರು, ಕೈಯಲ್ಲಿ ರೊಟ್ಟಿಯ ಚೂರು.

ನಾನು ಕೂತೆ. ಕಾಕು ರೊಟ್ಟಿಯನ್ನು ಹೆಬ್ಬೆರಳಿನ ಕೆಳಗೆ ಇಟ್ಟರು. ಆಮೇಲೆ ಸ್ವಲ್ಪ ತಡೆದು, ಮಾಸ್ತರು ಮಾಡುತ್ತಿದ್ದ ಹಾಗೆಯೇ, ತಮ್ಮ ಎರಡು ಬೆರಳುಗಳನ್ನು ಪಿಟೀಲಿನ ತಲೆಯ ಮೇಲೆ ಇಟ್ಟುಕೊಂಡರು. ನಾನು ಬಾರಿಸಿದೆ. ‘ಪ’ದಿಂದ ಹೊರಟು ‘ಗ’ಕ್ಕೆ, ನಡುವೆ ಎಲ್ಲೂ ನಿಲ್ಲದೆ. ಅಷ್ಟು ಚೆಂದ ಅದು ಎಂದೂ ಬಂದಿರಲಿಲ್ಲ. ಇವತ್ತು ಪಾಸು ಎನ್ನುತ್ತಾರೆ, ಎಲ್ಲ ಮುಗಿಯುತ್ತದೆ ಎಂದುಕೊಂಡು ತಲೆ ಎತ್ತಲು ಹೆದರಿ ಕೂತಿದ್ದೆ. ಇನ್ನು ಈ ಓಣಿಗೆ ಬರಲು ನನಗೆ ಯಾವ ಕಾರಣವೂ ಉಳಿಯುವುದಿಲ್ಲ.

ತಲೆ ಎತ್ತಿದೆ. ಆಯಿಯ ಕಣ್ಣು ಒದ್ದೆಯಾಗಿತ್ತು. ಮುಖ ಮಾತ್ರ ಹುಣಸೆಕಾಯಿ ಕಚ್ಚಿದಂತೆಯೇ ಇತ್ತು. ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದಳು.

“ಫೇಲ್ ಬೇ,” ಎಂದಳು. “ಬರೂ ಅಮಾಸಿಗೆ ಮತ್ತ ಬಾ.”